ಗಂಗೆಯ ಸೂಸು

ಬಿಹಾರ ರಾಜ್ಯದ ಭಾಗಲ್ಪುರ ಜಿಲ್ಲೆಯಲ್ಲಿ ಗಂಗೆಯ ದಡದ ಮೇಲೆ ಕಹಲ್‌ಗಾಂವ್ ಎಂಬ ಊರಿದೆ. ಅಲ್ಲಿ ನದಿಯ ಹರವು ಬಲು ದೊಡ್ಡದು. ನಡುನೀರಿನಲ್ಲಿ ಕಲ್ಲುಬಂಡೆಗಳ ಮೂರು ನಡುಗಡ್ಡೆಗಳು ತಲೆಯೆತ್ತಿ ನಿಂತಿವೆ. ಸಂಜೆಯ ಹೊತ್ತು ಗಾಳಿ ತಗ್ಗಿ, ದೋಣಿಗಳ ಸದ್ದು ಅಡಗಿದ ಮೇಲೆ, ದಡದಲ್ಲಿ ಸುಮ್ಮನೆ ಕುಳಿತವರಿಗೆ ನೀರಿನ ಕಡೆಯಿಂದ ಒಂದು ಉಸಿರು ಕೇಳಿಸುವುದುಂಟು. ‘ಸೂ...ಸ್’ ಎಂಬ ಆ ಸದ್ದಿಗೆ ತಿರುಗಿ ನೋಡುವಷ್ಟರಲ್ಲಿ ಬೂದುಬಣ್ಣದ ಬೆನ್ನೊಂದು ಕ್ಷಣಮಾತ್ರ ಹೊಳೆದು ನೀರಿನಲ್ಲಿ ಮರೆಯಾಗಿರುತ್ತದೆ. ಒಂದೆರಡು ನಿಮಿಷ ಕಾದರೆ ಮತ್ತೊಂದು ಕಡೆ ಅದೇ ಉಸಿರು, ಅದೇ ಬೆನ್ನು. ಹೊಸಬರು ಅದನ್ನು ದೊಡ್ಡದೊಂದು ಮೀನೆಂದು ಭಾವಿಸುತ್ತಾರೆ. ಆದರೆ ಅದು ಮೀನಲ್ಲ. ನಮ್ಮಂತೆಯೇ ಶ್ವಾಸಕೋಶಗಳಿಂದ ಉಸಿರಾಡುವ, ಮರಿಗೆ ಹಾಲೂಡಿಸಿ ಸಾಕುವ ಸಸ್ತನಿ. ಅದೇ ಗಂಗೆಯ ಡಾಲ್ಫಿನ್.

ಡಾಲ್ಫಿನ್ ಎಂದೊಡನೆ ಸಮುದ್ರದ ಅಲೆಗಳ ಮೇಲೆ ನೆಗೆದಾಡುವ ಪ್ರಾಣಿಯ ಚಿತ್ರವೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಸಿಹಿನೀರಿನ ನದಿಗಳಲ್ಲಿಯೇ ಹುಟ್ಟಿ, ಬೆಳೆದು, ಅಲ್ಲಿಯೇ ಸಾಯುವ ಡಾಲ್ಫಿನ್‌ಗಳು ಜಗತ್ತಿನಲ್ಲಿ ಕೆಲವೇ ಜಾತಿಯವು. ಅವುಗಳಲ್ಲಿ ಒಂದು ಗಂಗಾ, ಬ್ರಹ್ಮಪುತ್ರಾ ಮತ್ತು ಮೇಘನಾ ನದಿಗಳಲ್ಲೂ ಅವುಗಳ ಉಪನದಿಗಳಲ್ಲೂ ವಾಸಿಸುತ್ತದೆ. ಭಾರತ, ನೇಪಾಳ, ಬಾಂಗ್ಲಾದೇಶ ಈ ಮೂರು ದೇಶಗಳ ನೀರು ಅದರ ಮನೆ. ಹಿಂದಿ ಮಾತನಾಡುವವರು ಅದನ್ನು ‘ಸೂಂಸ್’ ಎನ್ನುತ್ತಾರೆ. ಬಂಗಾಳಿಗಳಿಗೆ ಅದು ‘ಶುಶುಕ್’. ‘ಸೂಸು’ ಎಂಬ ಹೆಸರೂ ಬಳಕೆಯಲ್ಲಿದೆ. ಇವೆಲ್ಲವೂ ಅದರ ಉಸಿರಿನ ಸದ್ದನ್ನು ಅನುಕರಿಸಿ ಹುಟ್ಟಿದ ಹೆಸರುಗಳು. ಹೊರಸೂಸು ಎಂಬ ಅರ್ಥದ ಮಾತು ಕನ್ನಡದಲ್ಲಿಯೂ ಇರುವುದರಿಂದ ಈ ಹೆಸರು ನಮ್ಮ ಕಿವಿಗೆ ಪರಕೀಯವೆನಿಸುವುದಿಲ್ಲ. ನದಿಯ ದಡದ ಜನ ಆ ಪ್ರಾಣಿಯನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು ಎಂಬುದನ್ನು ಆ ಹೆಸರೇ ಸಾರುತ್ತದೆ.

ಸೂಸುವಿನ ದೇಹರಚನೆ ವಿಚಿತ್ರವಾದುದು. ಬೆಳೆದ ಹೆಣ್ಣು ಸುಮಾರು ಎರಡೂವರೆ ಮೀಟರು ಉದ್ದವಿರುತ್ತದೆ. ಗಂಡು ಅದಕ್ಕಿಂತ ಚಿಕ್ಕದು. ಇಕ್ಕಳದಂತೆ ಮುಂದಕ್ಕೆ ಚಾಚಿದ ನೀಳವಾದ ಮೂತಿ, ಬಾಯಿ ಮುಚ್ಚಿದಾಗಲೂ ಹೊರಗೆ ಕಾಣುವ ಚೂಪಾದ ಹಲ್ಲುಗಳು, ಅಗಲವಾದ ಈಜುರೆಕ್ಕೆಗಳು, ಅತ್ತಿತ್ತ ಸುಲಭವಾಗಿ ಹೊರಳುವ ಕುತ್ತಿಗೆ ಇವು ಅದರ ಲಕ್ಷಣಗಳು. ಹೆಣ್ಣು ಎರಡು ಮೂರು ವರ್ಷಗಳಿಗೊಮ್ಮೆ ಒಂದೇ ಮರಿಯನ್ನು ಹಾಕುತ್ತದೆ. ಆದುದರಿಂದ ಒಂದು ಪ್ರಾಣಿ ಸತ್ತರೆ ಆ ಸ್ಥಾನ ತುಂಬಲು ಬಹುಕಾಲ ಬೇಕು. ಮೀನಿನಂತೆ ಸಾವಿರಾರು ಮೊಟ್ಟೆಗಳನ್ನಿಟ್ಟು ಸಂತತಿಯನ್ನು ಬೆಳೆಸುವ ಶಕ್ತಿ ಅದಕ್ಕಿಲ್ಲ.

ಎಲ್ಲಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ ಈ ಪ್ರಾಣಿ ಕುರುಡು. ಅದಕ್ಕೆ ಕಣ್ಣುಗಳಿವೆಯಾದರೂ ಅವು ಸೂಜಿಯಿಂದ ಚುಚ್ಚಿದ ರಂಧ್ರಗಳಷ್ಟು ಸಣ್ಣವು. ಅವುಗಳಲ್ಲಿ ಮಸೂರವೇ ಇಲ್ಲ. ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟನ್ನು ಅವು ತಿಳಿಸಬಲ್ಲವು; ರೂಪವನ್ನು ತೋರಿಸಲಾರವು. ಹಿಮಾಲಯದ ಮಣ್ಣನ್ನು ಹೊತ್ತು ಹರಿಯುವ ಗಂಗೆಯ ಕದಡಿದ ನೀರಿನಲ್ಲಿ ಕಣ್ಣಿದ್ದರೂ ಫಲವಿಲ್ಲವೆಂದೇ ಪ್ರಕೃತಿಯು ಅದಕ್ಕೆ ಬೇರೊಂದು ದಾರಿಯನ್ನು ಒದಗಿಸಿದೆ. ಅದು ಹಗಲೂ ಇರುಳೂ ಎಡೆಬಿಡದೆ ‘ಟಿಕ್ ಟಿಕ್’ ಎಂಬ ಸೂಕ್ಷ್ಮವಾದ ಶಬ್ದಗಳನ್ನು ಹೊರಡಿಸುತ್ತಿರುತ್ತದೆ. ಅವು ಮನುಷ್ಯನ ಕಿವಿಗೆ ಕೇಳಿಸುವಂಥವಲ್ಲ. ಮುಂದೆ ಮೀನಿದ್ದರೆ ಮೀನಿನಿಂದ, ಬಂಡೆಯಿದ್ದರೆ ಬಂಡೆಯಿಂದ ಆ ಶಬ್ದ ಮಾರ್ದನಿಗೊಂಡು ಹಿಂದಿರುಗುತ್ತದೆ. ಆ ಪ್ರತಿಧ್ವನಿಯನ್ನು ಕೇಳಿ ಸೂಸು ತನ್ನ ಸುತ್ತಣ ಜಗತ್ತನ್ನು ಅರಿಯುತ್ತದೆ. ಬಾವಲಿಯು ಗಾಳಿಯಲ್ಲಿ ಮಾಡುವ ಕೆಲಸವನ್ನೇ ಇದು ನೀರಿನಲ್ಲಿ ಮಾಡುತ್ತದೆ. ತಿಳಿನೀರಿಗಿಂತ ಕೆಸರುನೀರು, ತೆಳುನೀರಿಗಿಂತ ಆಳವಾದ ಮಡು ಅದಕ್ಕೆ ಪ್ರಿಯ. ಎರಡು ನದಿಗಳು ಕೂಡುವ ಸಂಗಮಗಳು, ನೀರು ಸುತ್ತಿ ಸುಳಿಯುವ ತಿರುವುಗಳು, ಅಲ್ಲಿ ಸೇರುವ ಸಣ್ಣ ಮೀನುಗಳು ಮತ್ತು ಸೀಗಡಿಗಳು ಅದರ ಜೀವನಾಧಾರ. ಕಿವಿಯೇ ಅದಕ್ಕೆ ಕಣ್ಣು.

ಈ ಪ್ರಾಣಿಯ ಪರಿಚಯ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಕರ್ನಾಟಕದ ಮಸ್ಕಿ, ಬ್ರಹ್ಮಗಿರಿ ಮೊದಲಾದ ಕಡೆಗಳಲ್ಲಿ ಬಂಡೆಗಳ ಮೇಲೆ ಶಾಸನಗಳನ್ನು ಬರೆಯಿಸಿದ ಅಶೋಕ ಚಕ್ರವರ್ತಿ ಉತ್ತರ ಭಾರತದಲ್ಲಿ ಸ್ತಂಭಗಳ ಮೇಲೆಯೂ ತನ್ನ ಧರ್ಮಾಜ್ಞೆಗಳನ್ನು ಕೆತ್ತಿಸಿದನು. ಅವುಗಳಲ್ಲಿ ಐದನೆಯದು ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ತನಗೆ ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಕೆಲವು ಪ್ರಾಣಿಗಳನ್ನು ಕೊಲ್ಲಬಾರದೆಂದು ವಿಧಿಸಿರುವುದಾಗಿ ಚಕ್ರವರ್ತಿ ಅಲ್ಲಿ ಹೇಳುತ್ತಾನೆ. ಗಿಳಿ, ಬಾವಲಿ, ಆಮೆ, ಮುಳ್ಳುಹಂದಿ ಮುಂತಾದ ಹೆಸರುಗಳ ನಡುವೆ ‘ಗಂಗಾಪುಪುಟಕ’ ಎಂಬ ಹೆಸರೂ ಬರುತ್ತದೆ. ಅದು ಗಂಗೆಯ ಡಾಲ್ಫಿನ್ ಆಗಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿದ್ದ ರೋಮಿನ ಪಂಡಿತ ಪ್ಲಿನಿ, ಡಾಲ್ಫಿನ್ನಿನಂತಹ ಮೂತಿಯೂ ಬಾಲವೂ ಉಳ್ಳ ‘ಪ್ಲಟನಿಸ್ಟ’ ಎಂಬ ಜಲಚರ ಗಂಗೆಯಲ್ಲಿರುವುದಾಗಿ ಬರೆದಿದ್ದಾನೆ. ವಿಜ್ಞಾನಿಗಳು ಇಂದಿಗೂ ಅದೇ ಹೆಸರಿನಿಂದ ಈ ಪ್ರಾಣಿಯನ್ನು ಗುರುತಿಸುತ್ತಾರೆ. ನಮ್ಮ ದೇವಾಲಯಗಳ ಬಾಗಿಲುವಾಡಗಳಲ್ಲಿ ಗಂಗಾದೇವಿ ಮಕರದ ಮೇಲೆ ನಿಂತಿರುವುದನ್ನು ಕಾಣುತ್ತೇವೆ. ಮೊಸಳೆ, ಆನೆ, ಮೀನು ಎಲ್ಲವೂ ಬೆರೆತಂತಿರುವ ಆ ಮಕರದ ಕಲ್ಪನೆಯ ಹಿಂದೆ ಈ ಡಾಲ್ಫಿನ್ನಿನ ನೆನಪೂ ಇದ್ದೀತೆಂದು ಊಹಿಸುವವರುಂಟು.

ಹಿಂದೆ ಸೂಸು ಗಂಗೆಯ ಉದ್ದಕ್ಕೂ ಹೇರಳವಾಗಿತ್ತು. ಸಮುದ್ರದ ಅಳಿವೆಯಿಂದ ಹಿಮಾಲಯದ ತಪ್ಪಲಿನವರೆಗೆ, ಬಂಡೆಗಳೋ ತೆಳುನೀರೋ ಅಡ್ಡಬಂದು ಈಜಲಾಗದ ಎಡೆಯವರೆಗೆ, ಅದು ಸ್ವಚ್ಛಂದವಾಗಿ ಸಂಚರಿಸುತ್ತಿತ್ತು. ಯಮುನೆಯಲ್ಲಿ ದೆಹಲಿಯವರೆಗೂ ಅದು ಬರುತ್ತಿತ್ತೆಂದು ಪ್ರಾಣಿಶಾಸ್ತ್ರಜ್ಞ ಜಾನ್ ಆಂಡರ್ಸನ್ 1879ರಲ್ಲಿ ಬರೆದನು. ಇಂದು ದೆಹಲಿಯ ಯಮುನೆಯ ಕಪ್ಪುನೀರನ್ನು ನೋಡಿದವರಿಗೆ ಆ ಮಾತು ಕಟ್ಟುಕಥೆಯಂತೆ ತೋರೀತು.

ಹೀಗೆ ಸಾವಿರಾರು ವರ್ಷ ಬಾಳಿದ ಪ್ರಾಣಿಗೆ ಕಳೆದ ಒಂದು ಶತಮಾನದಲ್ಲಿ ಆಪತ್ತುಗಳು ಒಂದರ ಮೇಲೊಂದು ಬಂದೆರಗಿದವು. ಮೊದಲನೆಯದು ನದಿಗೆ ಅಡ್ಡಲಾಗಿ ಎದ್ದ ಕಟ್ಟೆಗಳು. ನೀರಾವರಿಗಾಗಿ ನರೋರಾ ಮೊದಲಾದೆಡೆ ಗಂಗೆಗೆ ಒಡ್ಡುಗಳನ್ನು ಕಟ್ಟಿದರು. ಕಲ್ಕತ್ತೆಯ ಬಂದರಿನಲ್ಲಿ ಹೂಳು ತುಂಬದಿರಲೆಂದು ಹೂಗ್ಲಿ ನದಿಗೆ ನೀರು ಹಾಯಿಸುವ ಸಲುವಾಗಿ ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಕಟ್ಟಿದ ಭಾರಿ ಒಡ್ಡು 1975ರಲ್ಲಿ ಕಾರ್ಯಾರಂಭ ಮಾಡಿತು. ಇವುಗಳಿಂದ ರೈತರಿಗೆ ನೀರು ದೊರೆಯಿತು, ನಗರಗಳಿಗೆ ಪ್ರಯೋಜನವಾಯಿತು. ಆದರೆ ಒಂದೇ ಮನೆಯಾಗಿದ್ದ ನದಿ ಹಲವು ಕೋಣೆಗಳಾಗಿ ಒಡೆದುಹೋಯಿತು. ಮೇಲಿನ ಕೋಣೆಯ ಪ್ರಾಣಿಗೂ ಕೆಳಗಿನ ಕೋಣೆಯ ಪ್ರಾಣಿಗೂ ಸಂಪರ್ಕ ಕಡಿದುಹೋಯಿತು. ಬೇಸಗೆಯಲ್ಲಿ ಕಾಲುವೆಗಳಿಗೆ ನೀರು ಹೋದ ಮೇಲೆ ನದಿಯಲ್ಲಿ ಉಳಿಯುವ ನೀರು ಕಡಿಮೆ. ಮಡುಗಳು ಬತ್ತಿ ಸೂಸುಗಳು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತವೆ. ಮಳೆಗಾಲದಲ್ಲಿ ನೀರಿನೊಡನೆ ಕಾಲುವೆಯೊಳಕ್ಕೆ ಹೋದವು ನೀರು ಇಳಿದಾಗ ಹಿಂದಿರುಗಲಾರದೆ ಸಾಯುತ್ತವೆ.

ಎರಡನೆಯದು ವಿಷ. ದಡದ ಊರುಗಳ ಕೊಳಚೆ, ಕಾರ್ಖಾನೆಗಳ ಕಶ್ಮಲ, ಹೊಲಗಳಿಗೆ ಎರಚಿದ ಕೀಟನಾಶಕ ಎಲ್ಲವೂ ಕಡೆಗೆ ಸೇರುವುದು ನದಿಯನ್ನೇ. ಅಲ್ಲಿಂದ ಸಣ್ಣ ಜೀವಿಗಳ ಮೂಲಕ ಮೀನಿಗೂ, ಮೀನಿನ ಮೂಲಕ ಸೂಸುವಿಗೂ ಸಾಗುತ್ತವೆ. ಅದರ ಕೊಬ್ಬಿನಲ್ಲಿ ಡಿ.ಡಿ.ಟಿ. ಮೊದಲಾದ ವಿಷಗಳು ಶೇಖರವಾಗಿರುವುದನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಮೂರನೆಯದು ಬಲೆ. ನೈಲಾನಿನ ತೆಳುವಾದ ಎಳೆ ಪ್ರತಿಧ್ವನಿಯನ್ನು ಸರಿಯಾಗಿ ಹಿಂದಿರುಗಿಸುವುದಿಲ್ಲ. ಮೀನಿನ ಬೆನ್ನುಹತ್ತಿ ಬಂದ ಸೂಸು ತಿಳಿಯದೆ ಬಲೆಗೆ ಸಿಕ್ಕಿ, ಉಸಿರಾಡಲು ಮೇಲೆ ಬರಲಾರದೆ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ. ನಾಲ್ಕನೆಯದು ಸದ್ದು. ಹಲ್ದಿಯಾದಿಂದ ಪ್ರಯಾಗದವರೆಗಿನ 1,620 ಕಿಲೋಮೀಟರು ಜಲಮಾರ್ಗವನ್ನು 1986ರಲ್ಲಿ ಮೊದಲನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. ಹಡಗುಗಳ ಯಂತ್ರದ ಸದ್ದು, ಹೂಳೆತ್ತುವ ಯಂತ್ರಗಳ ಸದ್ದು ನೀರಿನಲ್ಲಿ ಬಹುದೂರ ಹರಡುತ್ತದೆ. ಕಣ್ಣುಳ್ಳವನ ಎದುರಿಗೆ ದಟ್ಟವಾದ ಹೊಗೆ ಕವಿದಂತೆ, ಕಿವಿಯಿಂದಲೇ ಬದುಕುವ ಪ್ರಾಣಿಗೆ ಈ ಸದ್ದು.

ಇವುಗಳಿಗಿಂತ ನೇರವಾದ ಮತ್ತೊಂದು ಆಪತ್ತು ಸೂಸುವಿನ ಮೈಯಲ್ಲಿಯೇ ಇತ್ತು. ಅದು ಅದರ ಎಣ್ಣೆ. ಬಿಹಾರದ ಕೆಲವು ಬೆಸ್ತರು ಸೂಸುವಿನ ಕೊಬ್ಬನ್ನು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಆ ಎಣ್ಣೆಯನ್ನು ನೀರಿನ ಮೇಲೆ ಚಿಮುಕಿಸಿದರೆ ಅದರ ವಾಸನೆಗೆ ಕೆಲವು ಜಾತಿಯ ಮೀನುಗಳು ಮೇಲಕ್ಕೆ ಬರುತ್ತವೆ. ಆಗ ಸಣ್ಣ ಗಾಳಗಳಿಂದ ಅವುಗಳನ್ನು ಹಿಡಿಯುವುದು ಸುಲಭ. ಕೀಲುನೋವಿಗೂ ಆ ಎಣ್ಣೆ ಒಳ್ಳೆಯದೆಂಬ ನಂಬಿಕೆ ಜನರಲ್ಲಿತ್ತು. ಹೀಗಾಗಿ ಸೂಸುವಿನ ಎಣ್ಣೆಗೆ ಬೆಲೆ ಬಂದಿತು. ಆಕಸ್ಮಿಕವಾಗಿ ಬಲೆಗೆ ಬಿದ್ದುದನ್ನು ಬಿಟ್ಟುಬಿಡುವ ಬದಲು ಕೊಲ್ಲುವುದಕ್ಕೂ, ಹುಡುಕಿ ಬೇಟೆಯಾಡುವುದಕ್ಕೂ ಅದು ಕಾರಣವಾಯಿತು.

ಭಾರತ ಸರ್ಕಾರ 1972ರಲ್ಲಿ ವನ್ಯಜೀವಿ ಸಂರಕ್ಷಣ ಕಾಯಿದೆಯನ್ನು ಜಾರಿಗೆ ತಂದಿತು. ಹುಲಿ, ಸಿಂಹಗಳಂತೆ ಗಂಗೆಯ ಡಾಲ್ಫಿನ್ನಿಗೂ ಅದರ ಮೊದಲನೆಯ ಅನುಸೂಚಿಯಲ್ಲಿ ಸ್ಥಾನ ದೊರೆಯಿತು. ಅದನ್ನು ಕೊಲ್ಲುವುದು ಘೋರ ಅಪರಾಧವಾಯಿತು. ಆದರೆ ಕಾಯಿದೆ ಬರೆದ ಕಾಗದ ದೆಹಲಿಯಲ್ಲಿತ್ತು. ಬೆಸ್ತನ ದೋಣಿ ಗಂಗೆಯ ನಡುನೀರಿನಲ್ಲಿತ್ತು. ಆ ದೋಣಿಯಲ್ಲಿ ಕುಳಿತವನ ಸ್ಥಿತಿಯನ್ನು ತಿಳಿಯದೆ ಸೂಸುವಿನ ಕಥೆ ಪೂರ್ಣವಾಗುವುದಿಲ್ಲ.

ಭಾಗಲ್ಪುರದ ಬಳಿ ಸುಲ್ತಾನ್‌ಗಂಜಿನಿಂದ ಪೀರ್‌ಪೈಂತಿಯವರೆಗೆ ಸುಮಾರು 80 ಕಿಲೋಮೀಟರು ಹರಿಯುವ ಗಂಗೆ ಸ್ವಾತಂತ್ರ್ಯ ಬಂದ ಮೇಲೆಯೂ ಬಹುಕಾಲ ಜಮೀನ್ದಾರರ ಸ್ವತ್ತಾಗಿತ್ತು. ನೆಲದ ಮೇಲಿನ ಜಮೀನ್ದಾರಿ ರದ್ದಾದರೂ ನೀರಿನ ಮೇಲಿನ ಜಮೀನ್ದಾರಿ ಉಳಿದುಕೊಂಡಿತ್ತು. ತಲೆತಲಾಂತರದಿಂದ ನದಿಯನ್ನು ನಂಬಿದ ಬೆಸ್ತನು ಅದೇ ನದಿಯಲ್ಲಿ ಬಲೆ ಬೀಸಲು ಕಂದಾಯ ತೆರಬೇಕಾಗಿತ್ತು. ಇದನ್ನು ಪ್ರತಿಭಟಿಸಿ 1982ರಲ್ಲಿ ಕಹಲ್‌ಗಾಂವಿನ ಬೆಸ್ತರು ‘ಗಂಗಾ ಮುಕ್ತಿ ಆಂದೋಲನ’ವನ್ನು ಆರಂಭಿಸಿದರು. ಶಾಂತಿಯುತವಾದ ಆ ಹೋರಾಟ ವರ್ಷಗಟ್ಟಲೆ ನಡೆಯಿತು. ಕಡೆಗೆ 1991ರಲ್ಲಿ ಜಲಜಮೀನ್ದಾರಿ ಕೊನೆಗೊಂಡಿತು. ಸಾಂಪ್ರದಾಯಿಕ ಬೆಸ್ತರು ಕಂದಾಯವಿಲ್ಲದೆ ಮೀನು ಹಿಡಿಯಬಹುದೆಂದಾಯಿತು.

ಅದೇ 1991ನೆಯ ವರ್ಷ ಬಿಹಾರ ಸರ್ಕಾರ ಸುಲ್ತಾನ್‌ಗಂಜಿನಿಂದ ಕಹಲ್‌ಗಾಂವಿನವರೆಗಿನ ಗಂಗೆಯನ್ನು ಡಾಲ್ಫಿನ್ನಿನ ರಕ್ಷಿತಧಾಮವೆಂದು ಘೋಷಿಸಿತು. ಸಮೀಪದಲ್ಲಿದ್ದ ಪ್ರಾಚೀನ ವಿದ್ಯಾಪೀಠದ ನೆನಪಿಗೆ ಅದಕ್ಕೆ ‘ವಿಕ್ರಮಶಿಲಾ’ ಎಂದು ಹೆಸರಾಯಿತು. ಒಂದೇ ನೀರು, ಒಂದೇ ವರ್ಷ. ಬೆಸ್ತನಿಗೆ ನದಿಯ ಮೇಲೆ ಹಕ್ಕು ದೊರೆಯಿತು. ಸೂಸುವಿಗೆ ನದಿಯಲ್ಲಿ ಅಭಯ ದೊರೆಯಿತು. ಆದರೆ ಈ ಎರಡೂ ಒಟ್ಟಿಗೆ ಬಾಳಬಲ್ಲವೇ? ಬಹುಕಾಲದ ಬಳಿಕ ನದಿ ತನ್ನದಾಯಿತೆಂದು ಹಿಗ್ಗಿದವನಿಗೆ ‘ಇಲ್ಲಿ ಇದನ್ನು ಮಾಡಬೇಡ, ಅದನ್ನು ಮಾಡಬೇಡ’ ಎಂದರೆ ಹೇಗಾದೀತು? ಅವನ ಹಸಿವಿಗೆ ಉತ್ತರ ಕೊಡದೆ ಸೂಸುವನ್ನು ಉಳಿಸಲಾದೀತೇ?

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಪಟ್ನಾ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ರವೀಂದ್ರ ಕುಮಾರ್ ಸಿನ್ಹಾ ಪ್ರಮುಖರು. ಅವರು 1980ರ ದಶಕದಿಂದ ಗಂಗೆಯಲ್ಲಿ ದೋಣಿಯ ಮೇಲೆ ಸಂಚರಿಸಿ ಸೂಸುಗಳನ್ನು ಎಣಿಸಿದರು, ಸತ್ತವುಗಳನ್ನು ಪರೀಕ್ಷಿಸಿದರು, ಬೆಸ್ತರೊಡನೆ ಬೆರೆತರು. ಬೆಸ್ತನಿಗೆ ಸೂಸುವಿನ ಮೇಲೆ ಯಾವ ದ್ವೇಷವೂ ಇಲ್ಲ, ಅವನಿಗೆ ಬೇಕಾದುದು ಮೀನನ್ನು ಸೆಳೆಯುವ ಎಣ್ಣೆ ಮಾತ್ರ ಎಂಬುದು ಈ ಒಡನಾಟದಿಂದ ಸ್ಪಷ್ಟವಾಯಿತು. ಹಾಗಾದರೆ ಆ ಎಣ್ಣೆ ಬೇರೊಂದರಿಂದ ದೊರೆಯಬಾರದೇಕೆ? ಮೀನಿನ ಮಾರುಕಟ್ಟೆಯಲ್ಲಿ ಮೀನನ್ನು ಹೆಚ್ಚಿದ ಮೇಲೆ ಕರುಳು ಮೊದಲಾದ ಭಾಗಗಳನ್ನು ಕಸವೆಂದು ಎಸೆಯುತ್ತಾರೆ. ಸಿನ್ಹಾ ಅವರು ಆ ಕಸದಿಂದಲೇ ಎಣ್ಣೆ ತೆಗೆದು ಬೆಸ್ತರ ಕೈಯಿಂದ ಪ್ರಯೋಗ ಮಾಡಿಸಿದರು. ಸೂಸುವಿನ ಎಣ್ಣೆಗೆ ಬರುವ ಮೀನುಗಳು ಈ ಎಣ್ಣೆಗೂ ಬಂದವು. ಕಾಸಿಲ್ಲದೆ ಸಿಗುವ ಕಸ, ಕಾಯಿದೆಯ ಭಯವಿಲ್ಲದ ಎಣ್ಣೆ! ಬೆಸ್ತನ ಅನ್ನವನ್ನು ಕಸಿಯದೆ ಸೂಸುವಿನ ಪ್ರಾಣವನ್ನು ಉಳಿಸುವ ದಾರಿ ಹೀಗೆ ತೆರೆಯಿತು. ಸಿನ್ಹಾ ಅವರಿಗೆ 2016ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಇಂದು ಬಿಹಾರದ ಕೆಲವೆಡೆ ಬೆಸ್ತರೇ ‘ಡಾಲ್ಫಿನ್ ಮಿತ್ರ’ರಾಗಿ ನದಿಯನ್ನು ಕಾಯುತ್ತಾರೆ. ಎಲ್ಲಿ ಮಡು ಇದೆ, ಎಲ್ಲಿ ಮರಿಯೊಡನೆ ತಾಯಿ ಸುಳಿದಾಡುತ್ತದೆ ಎಂಬುದು ಅವರಿಗೆ ತಿಳಿದಷ್ಟು ಇನ್ನಾರಿಗೆ ತಿಳಿದೀತು?

ಈ ಬಗೆಯ ಪ್ರಯತ್ನ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಚೀನಾ ದೇಶದ ಯಾಂಗ್‌ಟ್ಸೆ ನದಿ ಸಾಕ್ಷಿಯಾಗಿದೆ. ಆ ಮಹಾನದಿಯಲ್ಲಿ ‘ಬೈಜಿ’ ಎಂಬ ಡಾಲ್ಫಿನ್ ಇತ್ತು. ಜನರು ಅದನ್ನು ಯಾಂಗ್‌ಟ್ಸೆಯ ದೇವತೆಯೆಂದು ಕರೆಯುತ್ತಿದ್ದರು. 1980ರಲ್ಲಿ ಬೆಸ್ತರ ಕೈಗೆ ಸಿಕ್ಕಿದ ಗಂಡು ಬೈಜಿಯೊಂದನ್ನು ವುಹಾನ್ ನಗರದ ವಿಜ್ಞಾನ ಸಂಸ್ಥೆಯಲ್ಲಿ ಸಾಕಿದರು. ಅದಕ್ಕೆ ‘ಚೀಚೀ’ ಎಂದು ಹೆಸರಿಟ್ಟರು. ಅದು ಇಪ್ಪತ್ತೆರಡು ವರ್ಷಗಳ ಕಾಲ, ಅದರಲ್ಲಿ ಬಹುಪಾಲು ಒಂಟಿಯಾಗಿಯೇ, ಕೊಳದಲ್ಲಿ ಬದುಕಿ 2002ರಲ್ಲಿ ಸತ್ತಿತು. 2006ರ ಕೊನೆಯಲ್ಲಿ ಹಲವು ದೇಶಗಳ ವಿಜ್ಞಾನಿಗಳು ಎರಡು ಹಡಗುಗಳಲ್ಲಿ ಆರು ವಾರಗಳ ಕಾಲ ಯಾಂಗ್‌ಟ್ಸೆಯನ್ನು ಶೋಧಿಸಿದರು. ಹೋಗುತ್ತ ಬರುತ್ತ ಸುಮಾರು 3,500 ಕಿಲೋಮೀಟರು ಸಂಚರಿಸಿದರು. ಕಣ್ಣಿಟ್ಟು ನೋಡಿದರು, ನೀರಿನೊಳಗೆ ಯಂತ್ರವಿಳಿಸಿ ಕಿವಿಗೊಟ್ಟರು. ಒಂದೇ ಒಂದು ಬೈಜಿಯೂ ಸಿಗಲಿಲ್ಲ. ಬೈಜಿಯನ್ನು ಕೊಲ್ಲಬೇಕೆಂದು ಆ ನದಿಯ ದಡದಲ್ಲಿ ಯಾರೂ ಹಟತೊಟ್ಟಿರಲಿಲ್ಲ. ಮೀನಿಗಾಗಿ ಹಾಕಿದ ಗಾಳಗಳ ಸಾಲು, ಬಲೆ, ನೀರಿಗೆ ವಿದ್ಯುತ್ತು ಹಾಯಿಸಿ ಮೀನು ಹಿಡಿಯುವ ಅಕ್ರಮ, ಹಡಗುಗಳ ದಟ್ಟಣೆ ಇವೆಲ್ಲ ಸೇರಿ ಕೋಟ್ಯಂತರ ವರ್ಷಗಳ ವಂಶವೊಂದನ್ನು ಸದ್ದಿಲ್ಲದೆ ಅಳಿಸಿದವು.

ಯಾಂಗ್‌ಟ್ಸೆಯ ಸುದ್ದಿ ಗಂಗೆಗೆ ಎಚ್ಚರಿಕೆಯಾಯಿತು. ರಾಷ್ಟ್ರೀಯ ಗಂಗಾ ನದಿ ಜಲಾನಯನ ಪ್ರಾಧಿಕಾರವು 2009ರ ಅಕ್ಟೋಬರ್ 5ರಂದು ಪ್ರಧಾನಿಯವರ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ಗಂಗೆಯ ಡಾಲ್ಫಿನ್ನನ್ನು ರಾಷ್ಟ್ರೀಯ ಜಲಚರ ಪ್ರಾಣಿಯೆಂದು ಅಂಗೀಕರಿಸುವ ನಿರ್ಧಾರ ಅಲ್ಲಿ ಆಯಿತು. ಮರುವರ್ಷ ಅಧಿಕೃತ ಪ್ರಕಟಣೆ ಹೊರಟಿತು. ನೆಲದ ಮೇಲೆ ಹುಲಿ, ಆಕಾಶದಲ್ಲಿ ನವಿಲು, ನೀರಿನಲ್ಲಿ ಸೂಸು ನಮ್ಮ ರಾಷ್ಟ್ರದ ಲಾಂಛನಗಳಾದವು. ಹುಲಿಯ ಯೋಜನೆಯಂತೆಯೇ ಡಾಲ್ಫಿನ್ ಯೋಜನೆಯನ್ನು 2020ರ ಆಗಸ್ಟ್ 15ರಂದು ಪ್ರಕಟಿಸಲಾಯಿತು. 2021ರಿಂದ 2023ರವರೆಗೆ ದೇಶದ ನದಿ ಡಾಲ್ಫಿನ್‌ಗಳ ಸಮಗ್ರ ಎಣಿಕೆ ಮೊದಲ ಬಾರಿಗೆ ನಡೆಯಿತು. ಎಂಟು ರಾಜ್ಯಗಳ 28 ನದಿಗಳಲ್ಲಿ 8,500 ಕಿಲೋಮೀಟರಿಗೂ ಹೆಚ್ಚು ದೂರ ದೋಣಿಗಳು ಸಂಚರಿಸಿದವು. 2025ರ ಮಾರ್ಚಿಯಲ್ಲಿ ಪ್ರಕಟವಾದ ವರದಿಯಂತೆ ಅವುಗಳ ಸಂಖ್ಯೆ 6,327. ಉತ್ತರ ಪ್ರದೇಶದಲ್ಲಿ 2,397, ಬಿಹಾರದಲ್ಲಿ 2,220, ಪಶ್ಚಿಮ ಬಂಗಾಳದಲ್ಲಿ 815, ಅಸ್ಸಾಮಿನಲ್ಲಿ 635 ಇದ್ದುವು. ಉಳಿದವು ಇತರ ರಾಜ್ಯಗಳಲ್ಲಿ. ಇವುಗಳಲ್ಲಿ ಮೂರು ಮಾತ್ರ ಪಂಜಾಬಿನ ಬಿಯಾಸ್ ನದಿಯ ಸಿಂಧೂ ಡಾಲ್ಫಿನ್‌ಗಳು. ಮಿಕ್ಕವೆಲ್ಲ ಗಂಗೆಯ ಡಾಲ್ಫಿನ್‌ಗಳು. 2024ರ ಡಿಸೆಂಬರಿನಲ್ಲಿ ಅಸ್ಸಾಮಿನಲ್ಲಿ ಒಂದು ಸೂಸುವಿನ ಮೈಗೆ ಉಪಗ್ರಹದೊಡನೆ ಸಂಪರ್ಕವಿರುವ ಪುಟ್ಟ ಉಪಕರಣವನ್ನು ತೊಡಿಸಿ ಅದನ್ನು ನೀರಿಗೆ ಬಿಡಲಾಯಿತು. ಅದು ಎಲ್ಲಿಗೆ ಹೋಗುತ್ತದೆ, ಎಲ್ಲಿ ನೆಲೆಸುತ್ತದೆ ಎಂಬುದನ್ನು ಅರಿಯುವುದು ಇದರ ಉದ್ದೇಶ.

ಆರು ಸಾವಿರ ಎಂಬ ಸಂಖ್ಯೆ ಸಮಾಧಾನ ತರುವಂಥದಾದರೂ ಮೈಮರೆಯುವಂಥದಲ್ಲ. 2020ರ ಡಿಸೆಂಬರ್ ಕೊನೆಯ ದಿನ ಉತ್ತರ ಪ್ರದೇಶದ ಪ್ರತಾಪಗಢ ಜಿಲ್ಲೆಯಲ್ಲಿ ಕಾಲುವೆಗೆ ಬಂದು ಸಿಕ್ಕಿಕೊಂಡ ಸೂಸುವೊಂದನ್ನು ಕೆಲವರು ದೊಣ್ಣೆ ಕೊಡಲಿಗಳಿಂದ ಹೊಡೆದು ಕೊಂದರು. ರಾಷ್ಟ್ರೀಯ ಪ್ರಾಣಿಯೆಂಬ ಗೌರವ ಬಂದು ಹತ್ತು ವರ್ಷಗಳಾದ ಮೇಲೆ ನಡೆದ ಕೃತ್ಯವಿದು. ಅದೇ ರಾಜ್ಯದಲ್ಲಿ, ಅಂತಹವೇ ಕಾಲುವೆಗಳಲ್ಲಿ ಸಿಕ್ಕಿಕೊಂಡ ಸೂಸುಗಳನ್ನು ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಸೇರಿ ಎಚ್ಚರಿಕೆಯಿಂದ ಹಿಡಿದು, ಒದ್ದೆಬಟ್ಟೆ ಹೊದಿಸಿ, ಮರಳಿ ನದಿಗೆ ತಂದು ಬಿಟ್ಟಿರುವ ನಿದರ್ಶನಗಳೂ ಇವೆ. ಒಂದು ಕಾಲುವೆಯ ದಡದಲ್ಲಿ ನಿಂತವರಿಗೂ ಇನ್ನೊಂದು ಕಾಲುವೆಯ ದಡದಲ್ಲಿ ನಿಂತವರಿಗೂ ಇದ್ದ ವ್ಯತ್ಯಾಸ ತಿಳುವಳಿಕೆಯದು. ನೀರಿನಲ್ಲಿರುವುದು ಏನೆಂದು ಒಬ್ಬರಿಗೆ ತಿಳಿದಿರಲಿಲ್ಲ, ಇನ್ನೊಬ್ಬರಿಗೆ ತಿಳಿದಿತ್ತು.

ಸೂಸುವನ್ನು ಉಳಿಸುವುದೆಂದರೆ ಒಂದು ಪ್ರಾಣಿಯನ್ನು ಮಾತ್ರ ಉಳಿಸುವುದಲ್ಲ. ಕಾಡಿನಲ್ಲಿ ಹುಲಿಯಿದ್ದರೆ ಜಿಂಕೆಯಿದೆ, ಹುಲ್ಲಿದೆ, ನೀರಿದೆ ಎಂದು ಹೇಗೆ ತಿಳಿಯಬಹುದೋ ಹಾಗೆಯೇ ನದಿಯಲ್ಲಿ ಸೂಸು ಇದ್ದರೆ ಆಳವಾದ ಮಡುವಿದೆ, ಸಾಕಷ್ಟು ಮೀನಿದೆ, ಹರಿಯುವ ನೀರಿದೆ ಎಂದು ತಿಳಿಯಬಹುದು. ಸೂಸುವಿಗೆ ಬೇಕಾದ ಆ ಮೀನು ಬೆಸ್ತನಿಗೂ ಬೇಕು. ಅದಕ್ಕೆ ಬೇಕಾದ ಶುದ್ಧವಾದ ನೀರು ದಡದ ಕೋಟಿ ಕೋಟಿ ಜನರಿಗೂ ಬೇಕು. ಬೇಸಗೆಯಲ್ಲಿ ನದಿಗಾಗಿ ಒಂದಿಷ್ಟು ನೀರನ್ನು ಬಿಡುವುದು, ಕೊಳಚೆಯನ್ನು ಶುದ್ಧಿಮಾಡಿ ಹರಿಸುವುದು, ಮಡುಗಳಿರುವೆಡೆ ಹಡಗುಗಳು ನಿಧಾನವಾಗಿ ಸಾಗುವುದು, ಕಾಲುವೆಯ ಬಾಯಿಗೆ ತಡೆಯೊಡ್ಡುವುದು, ಬಲೆಗೆ ಸಿಕ್ಕಿದ ಸೂಸುವನ್ನು ಬಿಟ್ಟ ಬೆಸ್ತನಿಗೆ ಹರಿದ ಬಲೆಯ ನಷ್ಟವನ್ನು ಕಟ್ಟಿಕೊಡುವುದು ಇವು ಯಾವುವೂ ಅಸಾಧ್ಯವಾದ ಕೆಲಸಗಳಲ್ಲ. ಕರ್ನಾಟಕದ ನದಿಗಳಲ್ಲಿ ಸೂಸು ಇಲ್ಲದಿರಬಹುದು. ಆದರೆ ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. 2015ರಲ್ಲಿ ಅವುಗಳಿಗಾಗಿ ನದಿಯ ಒಂದು ಭಾಗವನ್ನೇ ಮೀಸಲಿಡಲಾಗಿದೆ. ಅಲ್ಲಿಯೂ ನದಿ, ಬೆಸ್ತ, ಪ್ರಾಣಿ ಈ ಮೂವರ ಬಾಳು ಒಂದಕ್ಕೊಂದು ಹೆಣೆದುಕೊಂಡಿದೆ.

ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಕೊಲ್ಲಬೇಡಿರೆಂದು ಕಲ್ಲಿನ ಮೇಲೆ ಕೆತ್ತಿಸಿದನು. ಆ ಆಜ್ಞೆಯನ್ನು ಇಂದು ಪಾಲಿಸಬೇಕಾದವನು ಕಹಲ್‌ಗಾಂವಿನ ನಡುನೀರಿನಲ್ಲಿ ದೋಣಿಯ ಮೇಲೆ ಕುಳಿತಿದ್ದಾನೆ. ಸಂಜೆಯಾಗುತ್ತಿದೆ. ಅವನ ಬಲೆಯ ಪಕ್ಕದಲ್ಲಿ ‘ಸೂ...ಸ್’ ಎಂದು ಉಸಿರು ಕೇಳಿಸುತ್ತದೆ. ಅವನು ಹುಟ್ಟನ್ನು ಎತ್ತಿಹಿಡಿದು, ಅದು ದಾಟಿ ಹೋಗುವವರೆಗೆ ಕಾಯುತ್ತಾನೆ.

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಸೂಸು’ ಎಂಬ ಹೆಸರು ಹೇಗೆ ಬಂದಿತು?
2. ಅಶೋಕನ ಶಾಸನದಲ್ಲಿ ಡಾಲ್ಫಿನ್ ಎಂದು ಊಹಿಸಲಾಗಿರುವ ಪ್ರಾಣಿಯ ಹೆಸರೇನು?
3. ಫರಕ್ಕಾದಲ್ಲಿ ಒಡ್ಡನ್ನು ಕಟ್ಟಿದ ಉದ್ದೇಶವೇನು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕುರುಡಾದ ಸೂಸು ತನ್ನ ಆಹಾರವನ್ನು ಹೇಗೆ ಹುಡುಕಿಕೊಳ್ಳುತ್ತದೆ?
2. ಮೀನಿನ ಕಸದಿಂದ ತೆಗೆದ ಎಣ್ಣೆ ಬೆಸ್ತರಿಗೂ ಸೂಸುವಿಗೂ ಹೇಗೆ ಉಪಕಾರಿಯಾಯಿತು?
3. ಬೈಜಿಯ ಅಳಿವಿನಿಂದ ಕಲಿಯಬೇಕಾದ ಪಾಠವೇನು?

ಇ) ಸಂದರ್ಭದೊಡನೆ ವಿವರಿಸಿರಿ.
1. “ಕಿವಿಯೇ ಅದಕ್ಕೆ ಕಣ್ಣು.”
2. “ಕಾಯಿದೆ ಬರೆದ ಕಾಗದ ದೆಹಲಿಯಲ್ಲಿತ್ತು, ಬೆಸ್ತನ ದೋಣಿ ಗಂಗೆಯ ನಡುನೀರಿನಲ್ಲಿತ್ತು.”

ಈ) ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿರಿ.
ಮಳೆಗಾಲ, ಜೀವನಾಧಾರ, ಮಡುವಿದೆ, ಬೆನ್ನೊಂದು

ಉ) ನಿಮ್ಮ ಊರಿಗೆ ಸಮೀಪದ ಹೊಳೆ ಅಥವಾ ಕೆರೆಯಲ್ಲಿ ಹಿಂದೆ ಇದ್ದು ಈಗ ಕಾಣದಿರುವ ಜೀವಿಗಳಾವುವು ಎಂದು ಹಿರಿಯರಿಂದ ಕೇಳಿ ತಿಳಿದು ಒಂದು ಪುಟ ಬರೆಯಿರಿ.